ನಾಲ್ಕು ಟಿಬಿ ತುಂಬಿಸಿ ನೋಡಿದ್ದು

ನಮ್ಮ ಮನೆಯ ಕೊನೆಯ ಜಗಳ ನಡೆದದ್ದು ಜಾಗಕ್ಕಾಗಿ. ಮುಂಬಯಿಯಲ್ಲಿ ಜಾಗದ ಜಗಳ ಎಂದ ಕೂಡಲೇ ನಿಮಗೆ ಫ್ಲ್ಯಾಟೋ, ಪಾರ್ಕಿಂಗೋ, ಲೋಕಲ್ ರೈಲಿನಲ್ಲಿ ಅರ್ಧ ಕೂತು ಅರ್ಧ ತೂಗಾಡುವ ಆ ನಾಲ್ಕನೆಯ ಸೀಟೋ ನೆನಪಾಗಬಹುದು. ನಮ್ಮದು ಕಂಪ್ಯೂಟರಿನೊಳಗಿನ ಜಾಗ. ಅಂದು ಶನಿವಾರ, ನನಗೆ ರಜೆ. ನಾನು ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಾ ಕೂತಿದ್ದೆ. ಹೊರಗಿನ ಕೋಣೆಯಿಂದ ನನ್ನ ಹೆಂಡತಿ ಸುನಂದಾ ಕೂಗಿದಳು: "ರೀ, ಇಲ್ಲಿ ಬರ್ರಿ. ಇದು ಮತ್ತ ತುಂಬೈತಿ ಅನ್ನಾಕತ್ತೈತಿ."

"ಹಳೇವು ಅಳಿಸು," ಎಂದೆ, ಕೂತಲ್ಲಿಂದಲೇ.

"ಯಾವುದನ್ನ ಅಳಸ್ಲಿ? ಅ ಆ ಇ ಈ ಅಳಸ್ಲೊ, ಕಾಗುಣಿತ ಅಳಸ್ಲೊ? ಮುಂದಿನ ವರ್ಷ ಹೊಸಾ ಹುಡುಗ್ರು ಬಂದ್ರ ಅವ್ರು ಒತ್ತಕ್ಷರದಿಂದನ ಚಾಲೂ ಮಾಡ್ಬೇಕೇನು?"

ಸುನಂದಾ ನಮ್ಮ ಬಿಲ್ಡಿಂಗಿನ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. ಇಲ್ಲೇ ಮುಂಬಯಿಯ ಭಾಂಡುಪ್ಪಿನಲ್ಲಿ ಹುಟ್ಟಿದ ಮಕ್ಕಳು. ಮನೆಯಲ್ಲಿ ಅಜ್ಜಿ ಕನ್ನಡದಲ್ಲಿ ಬೈದರೆ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಕೊಡುತ್ತವೆ. ಬರೆಯುವುದಂತೂ ದೂರದ ಮಾತು. ನಾಲ್ಕೈದು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು, ಫೋನನ್ನು ಮೇಲಿಂದ ಕೆಳಗೆ ನೋಡುವಂತೆ ಕಟ್ಟಿ, ಬಿಳಿ ಹಾಳೆಯ ಮೇಲೆ ಅಕ್ಷರ ತಿದ್ದಿ ತೋರಿಸುತ್ತಿದ್ದಳು. ಬಾರದ ಮಕ್ಕಳ ಮನೆಗಳಿಗೆ ವಿಡಿಯೋ ಹೋಗುತ್ತಿತ್ತು. ಅದರಲ್ಲಿ ಅವಳ ಮುಖ ಎಲ್ಲೂ ಕಾಣುವುದಿಲ್ಲ. ಬಲಗೈ, ಹಸಿರು ಬಳೆ, ಸ್ಕೆಚ್ ಪೆನ್ನು, ಮತ್ತು ದನಿ. ಮೂರು ವರ್ಷದಲ್ಲಿ ಇನ್ನೂರರ ಮೇಲೆ ಪಾಠಗಳಾಗಿದ್ದವು.

"ದೊಡ್ಡದೊಂದು ತರ್ರಿ," ಅಂದಳು. "ನಾಕ್ ಟಿಬಿದು ಬರ್ತೈತಂತ. ಸಪ್ಪಳಾನೂ ಮಾಡಂಗಿಲ್ಲಂತ."

"ಐವತ್ತು ಅಕ್ಷರಕ್ಕ ನಾಕ್ ಟಿಬಿ ಯಾಕ?" ಎಂದು ನಾನು ಅಂದೆ. ಅದು ದೊಡ್ಡ ಹಾಸ್ಯ ಎಂದು ನನಗೆ ಅನಿಸಿತ್ತು.

"ಮುಂಬಯಾಗ ಜಾಗಾ ಕೇಳೂದ ತಪ್ಪಾತು ಬಿಡ್ರಿ," ಎಂದು ಎದ್ದು ಹೋಗಿ ಚಹಾಕ್ಕಿಟ್ಟಳು. ಇಷ್ಟೇ ಜಗಳ. ಕೊನೆಯದು ಎಂದು ಗೊತ್ತಿದ್ದರೆ ಇನ್ನೂ ಸ್ವಲ್ಪ ಚೆನ್ನಾಗಿ ಆಡುತ್ತಿದ್ದೆ, ಅಥವಾ ಸೋಲುತ್ತಿದ್ದೆ. ಮರುದಿನ ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತಳು. ಮಧ್ಯಾಹ್ನದೊಳಗೆ ಎಲ್ಲ ಮುಗಿದಿತ್ತು.

ಆಮೇಲೆ ಏಳು ತಿಂಗಳು ಕಂಪ್ಯೂಟರನ್ನು ಯಾರೂ ಮುಟ್ಟಲಿಲ್ಲ. ಅದರ ಮೇಲೆ ಅವಳೇ ಹೊಲಿದ ಹೊದಿಕೆ ಇತ್ತು. ಒಗೆದು ಮತ್ತೆ ಹಾಕುತ್ತಿದ್ದೆ, ಅಷ್ಟೆ. ಒಂದು ಭಾನುವಾರ ಮಗಳು ಅಶ್ವಿನಿ ಏನೋ ಪ್ರಿಂಟ್ ತೆಗೆಯಲೆಂದು ಅದನ್ನು ಹಚ್ಚಿದಳು. ಒಳಗಿನಿಂದ ಕಟ್, ಕಟ್ ಎಂದು ಅಡಕೆ ಕತ್ತರಿಸುವಂಥ ಸದ್ದು. ಅಶ್ವಿನಿ ಬಾಂದ್ರಾದ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ, ಅಲ್ಲೇ ಇದ್ದು ರಜೆಗೆ ಮನೆಗೆ ಬರುತ್ತಾಳೆ. ಅವಳ ಕನ್ನಡದಲ್ಲಿ ಮೂರು ಊರಿನ ನೀರು ಸೇರಿದೆ. "ಅಪ್ಪಾ, ಇದು ಹೋಗ್ತದ ಈಗ. ಹಾರ್ಡ್ ಡಿಸ್ಕ್ ಮರ್ ರಹಾ ಹೈ," ಅಂದಳು. ಸಾಯುತ್ತಿದೆ ಎಂದುಬಿಟ್ಟ ಮೇಲೆ ನನ್ನ ಮುಖ ನೋಡಿ, "ಮತಲಬ್, ಹಾಳಾಗ್ಲಿಕ್ಕತ್ತೇತಿ," ಎಂದು ತಿದ್ದಿಕೊಂಡಳು.

ಸುನಂದಾಳ ಪಾಠಗಳೆಲ್ಲ ಇದ್ದದ್ದು ಆ ಡಿಸ್ಕಿನಲ್ಲಿ ಮಾತ್ರ. ಬಿಲ್ಡಿಂಗಿನವರ ಫೋನುಗಳಿಗೆ ಹೋದದ್ದೆಲ್ಲ ಯಾವಾಗಲೋ ಅಳಿಸಿಹೋಗಿತ್ತು. ಅಳಿಸುವುದರಲ್ಲಿ ನಾನೊಬ್ಬನೇ ಜಾಣನಲ್ಲ. ಮನೆಯಲ್ಲಿ ಅವಳ ಫೋಟೋ ಎಷ್ಟೋ ಇವೆ. ದನಿ ಇರುವುದು ಅದೊಂದೇ ಕಡೆ. ಅದನ್ನು ಇನ್ನೊಂದು ಗಟ್ಟಿ ಜಾಗಕ್ಕೆ ದಾಟಿಸಬೇಕು, ಡಿಸ್ಕು ಪೂರ್ತಿ ಕೈಕೊಡುವುದರೊಳಗೆ. ಅಂದಿನಿಂದ ನನಗೆ ಬೇರೆ ಕೆಲಸ ಇರಲಿಲ್ಲ.

ಇಲ್ಲಿ ನನ್ನ ಉದ್ಯೋಗದ ಬಗ್ಗೆ ಒಂದು ಮಾತು. ನಾನು ಮೂವತ್ತು ವರ್ಷದಿಂದ ವಿಲೆ ಪಾರ್ಲೆಯಲ್ಲಿ, ವಿಮಾನದಲ್ಲಿ ಹೋಗುವ ಸರಕಿನ ಆಫೀಸೊಂದರಲ್ಲಿ ಗುಮಾಸ್ತ. ಪೆಟ್ಟಿಗೆಯ ಮೇಲೆ ಬರೆದ ತೂಕವನ್ನು ನಂಬದಿರುವುದಕ್ಕೇ ನನಗೆ ಸಂಬಳ. ಬರೆದವರು ಸಜ್ಜನರೇ ಇರಬಹುದು, ಆದರೂ ಪೆಟ್ಟಿಗೆ ತೂಕದ ಕಾಟಾದ ಮೇಲೆ ಏರಲೇಬೇಕು. ಈ ಚಾಳಿ ಮನೆಗೂ ಬಂದಿತ್ತು. ಕಿರಾಣಿ ಅಂಗಡಿಯ ಒಂದು ಕಿಲೋ ರವೆಯನ್ನು ನಾನು ಅಂಗೈಯಲ್ಲಿ ತೂಗಿ ನೋಡುವುದನ್ನು ಕಂಡರೆ ಸುನಂದಾ, "ಮದಿವಿ ಮುಂಚೆ ನನ್ನೂ ಕಾಟಾದ ಮ್ಯಾಲೆ ನಿಂದ್ರಸ್ಬೇಕಿತ್ತು," ಅನ್ನುತ್ತಿದ್ದಳು.

ಹಾಗಾಗಿ ಡ್ರೈವು ಕೊಳ್ಳುವ ಮೊದಲು ಒಂದು ತಿಂಗಳು ಓದಿದೆ. ಬಿ.ಕಾಂ. ಓದುವಾಗ ವಿಜಯಪುರದಲ್ಲಿ ಇಷ್ಟು ಓದಿದ್ದರೆ ನನ್ನ ಹಣೆಬರಹ ಬೇರೆಯೇ ಇರುತ್ತಿತ್ತು. ಹಳೆಯ ಡಿಸ್ಕಿನೊಳಗೆ ತಟ್ಟೆಯೊಂದು ತಿರುಗುತ್ತದೆ, ಹೊಸತರಲ್ಲಿ ತಿರುಗುವಂಥದ್ದು ಏನೂ ಇಲ್ಲ, ಬರೀ ಚಿಪ್ಪುಗಳು, ಅದಕ್ಕೇ ಸದ್ದಿಲ್ಲ. ಆ ಚಿಪ್ಪುಗಳಲ್ಲಿ ಸಣ್ಣ ಸಣ್ಣ ಖೋಲಿಗಳು, ಅಂದರೆ ಕೋಣೆಗಳು, ಇರುತ್ತವಂತೆ. ಒಂದು ಖೋಲಿಯಲ್ಲಿ ಮಾಹಿತಿಯ ಮೂರು ಅಂಶ ಇಡುವ ಡ್ರೈವುಗಳಿಗೆ ಬೆಲೆ ಹೆಚ್ಚು, ಬಾಳಿಕೆ ಹೆಚ್ಚು. ನಾಲ್ಕು ತುರುಕುವಂಥವು ಅಗ್ಗ, ಸ್ವಲ್ಪ ನಿಧಾನ. ಇದನ್ನು ಓದಿದಾಗ ನನಗೆ ಏನೂ ಕಷ್ಟವಾಗಲಿಲ್ಲ. ಮುಂಬಯಿಗೆ ಬಂದ ಹೊಸದರಲ್ಲಿ ನಾನು ಚಾಳಿನ ಒಂದು ಖೋಲಿಯಲ್ಲಿ ಏಳು ಜನರೊಂದಿಗೆ ಇದ್ದವನು. ಅಲ್ಲಿಯೂ ಜಾಗ ಅಗ್ಗವಾಗಿತ್ತು, ಬೆಳಿಗ್ಗೆ ಹೊರಬೀಳುವುದು ನಿಧಾನವಾಗಿತ್ತು.

ಇನ್ನೊಂದು ಸಂಗತಿಯನ್ನೂ ಓದಿದೆ. ಇಂಥ ಡ್ರೈವನ್ನು ವರ್ಷಗಟ್ಟಲೆ ಕರೆಂಟು ಕೊಡದೆ ಬೀರುವಿನಲ್ಲಿ ಇಟ್ಟುಬಿಟ್ಟರೆ ಒಳಗಿರುವುದು ಮೆಲ್ಲಗೆ ಮಾಸಬಹುದಂತೆ. ಆಗಾಗ ಹಚ್ಚಬೇಕಂತೆ. ಅದನ್ನು ಓದಿದವನೇ ಎದ್ದು, ಏಳು ತಿಂಗಳು ಮುಟ್ಟದಿದ್ದ ಆ ಕಂಪ್ಯೂಟರಿನ ಹೊದಿಕೆಯನ್ನು ಮಡಿಸಿ ಒಳಗಿಟ್ಟೆ.

ಅಂಗಡಿ ವಿಲೆ ಪಾರ್ಲೆ ಸ್ಟೇಷನ್ನಿನ ಬಳಿ, ನನ್ನ ಆಫೀಸಿನ ದಾರಿಯಲ್ಲೇ. ಮಾಲಿಕ ಜಿಗ್ನೇಶ್ ಒಬ್ಬ ತಾಳ್ಮೆಯ ಮನುಷ್ಯ. ನಾನು ಐದು ಸಲ ಹೋಗಿ ಏನೂ ಕೊಳ್ಳದೆ ಬಂದಿದ್ದರೂ ಆರನೆಯ ಸಲ ಕುರ್ಚಿ ಕೊಟ್ಟ. "ಅಂಕಲ್, ನಾಲ್ಕು ಟಿಬಿ ಯಾತಕ್ಕೆ? ಗೇಮಿಂಗಾ?" ಎಂದು ಹಿಂದಿಯಲ್ಲಿ ಕೇಳಿದ.

"ಗೇಮಿಂಗ್ ನಹೀ. ಕನ್ನಡ," ಎಂದೆ.

ಅವನು ಯೋಚಿಸಿದ. ಅದೂ ಒಂದು ಹೊಸ ಗೇಮ್ ಇರಬಹುದು ಎಂದುಕೊಂಡನೇನೋ. ಎಷ್ಟು ತುಂಬಿಸುವುದಿದೆ ಎಂದು ಕೇಳಿದಾಗ, ಮುನ್ನೂರು ಜಿಬಿ ಇರಬಹುದು ಎಂದೆ. "ಹಾಗಾದರೆ ಒಂದು ಟಿಬಿ ಸಾಕಲ್ಲ ಅಂಕಲ್. ಯಾಕೆ ಸುಮ್ಮನೆ?" ವ್ಯಾಪಾರಿಯೊಬ್ಬ ಕಡಿಮೆ ಕೊಳ್ಳಿರಿ ಎಂದು ಹೇಳುವುದನ್ನು ಈ ಊರಿನಲ್ಲಿ ನಾನು ಮೊದಲ ಸಲ ಕೇಳಿದ್ದು. ನಾಲ್ಕೇ ಬೇಕು, ಮನೆಯವರು ನಾಲ್ಕು ಹೇಳಿದ್ದಾರೆ, ಎಂದೆ. "ಆಂಟಿ ಹೇಳಿದ್ದರೆ ಮುಗೀತು," ಎಂದು ನಕ್ಕು ಡಬ್ಬ ತೆಗೆದ. ನಾನೂ ನಕ್ಕು ದುಡ್ಡು ಎಣಿಸಿದೆ. ಅಷ್ಟು ನಗುವುದು ನನ್ನ ಮುಖಕ್ಕೂ ಅಭ್ಯಾಸವಾಗಿದೆ.

ಡ್ರೈವು ಅಂಗೈಯಗಲ ಇತ್ತು, ಎತ್ತಿದರೆ ತೂಕವೇ ಇಲ್ಲ. ತೂಕವಿಲ್ಲದ್ದನ್ನು ಕಂಡರೆ ನನ್ನಂಥವನಿಗೆ ಅನುಮಾನ. ಹೊರಗೆ ದೊಡ್ಡ ಅಂಕಿ ಬರೆದು ಒಳಗೆ ಚಿಕ್ಕ ಚಿಪ್ಪು ಇಟ್ಟು ಮಾರುವ ಖೋಟಾ ಡ್ರೈವುಗಳೂ ಇವೆ ಎಂದು ಓದಿದ್ದೆ. ಅವು ಮೊದಮೊದಲು ಎಲ್ಲವನ್ನೂ ಒಪ್ಪಿಕೊಳ್ಳುತ್ತವೆ. ತುಂಬಿದ ಮೇಲೆ ಸದ್ದಿಲ್ಲದೆ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತವೆ. ಮನೆಗೆ ತಂದು ಅಶ್ವಿನಿಯ ಕೈಯಿಂದ ಜೋಡಿಸಿದಾಗ ಪರದೆಯ ಮೇಲೆ ಬಂದ ಅಂಕಿ ನಾಲ್ಕಲ್ಲ, ಮೂರು ಪಾಯಿಂಟ್ ಆರು ಮೂರು. ನಾನು ಕೂಡಲೇ ಜಿಗ್ನೇಶನಿಗೆ ಫೋನು ಮಾಡಿದೆ. ಕಂಪನಿಯವರು ಎಣಿಸುವ ರೀತಿ ಬೇರೆ, ಕಂಪ್ಯೂಟರು ಎಣಿಸುವ ರೀತಿ ಬೇರೆ, ಎಲ್ಲ ಡ್ರೈವೂ ಹೀಗೇ, ಎಂದು ಹೇಳಿ ಕೊನೆಗೆ, "ಅಂಕಲ್, ಬಿಲ್ಟ್-ಅಪ್ ಮತ್ತು ಕಾರ್ಪೆಟ್ ಏರಿಯಾ ಇದ್ದ ಹಾಗೆ," ಎಂದ. ಮುಂಬಯಿಯಲ್ಲಿ ಫ್ಲ್ಯಾಟು ಕೊಂಡವನಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ. ಫೋನು ಇಟ್ಟೆ.

ಆದರೂ ಕಾಟಾದ ಮೇಲೆ ಏರಿಸದೆ ಬಿಡುವವನಲ್ಲ ನಾನು. ಡ್ರೈವನ್ನು ಅಂಚಿನವರೆಗೆ ತುಂಬಿಸಿ, ತುಂಬಿಸಿದ್ದನ್ನು ತೆರೆದು ನೋಡಿದರೆ ಮಾತ್ರ ಅದರ ನಿಜವಾದ ಅಳತೆ. ಆದರೆ ತುಂಬಿಸುವುದು ಏನನ್ನು? ನಮ್ಮ ಮನೆಯಲ್ಲಿ ಇರುವುದೇ ಮುನ್ನೂರು ಜಿಬಿ. ಇದಕ್ಕೆಂದೇ ಸಾಫ್ಟ್‌ವೇರ್ ಇರುತ್ತದೆ, ಅದು ಕಸ ತುಂಬಿ ಪರೀಕ್ಷೆ ಮಾಡುತ್ತದೆ ಎಂದು ಅಶ್ವಿನಿ ಹೇಳಿದಳು. ಕಸ ಯಾಕೆ ತುಂಬಬೇಕು ಎಂದು ನನಗೆ ಅನಿಸಿತು. ಪಾಠಗಳನ್ನೇ ಹನ್ನೆರಡು ಸಲ ತುಂಬಿಸಿದರೆ ಲೆಕ್ಕ ಸರಿಯಾಗುತ್ತಿತ್ತು.

"ಹನ್ನೆರಡು ಸಲ ಅಮ್ಮಾ?" ಎಂದಳು ಅಶ್ವಿನಿ.

"ಹನ್ನೆರಡು ಸಲ."

"ಅಪ್ಪಾ, ಅಮ್ಮ ಒಂದೇ ಸಲ ಹೇಳಿದ್ರ ನೀವು ಕೇಳ್ತಿರ್ಲಿಲ್ಲ," ಎಂದು ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದಳು. ಆಮೇಲೆ ತಾಂತ್ರಿಕವಾಗಿ ಮಾತಾಡಿದಳು. ಹಳೆಯ ಡಿಸ್ಕಿನಿಂದ ಒಂದೇ ಸಲ ತೆಗೆಯಬೇಕು, ಅದಕ್ಕೆ ಜಾಸ್ತಿ ತ್ರಾಸು ಕೊಡಬಾರದು, ಉಳಿದ ಹನ್ನೊಂದು ಹೊಸದರಿಂದಲೇ ಮಾಡಿಕೊಳ್ಳಬಹುದು. ಮೊದಲ ಪ್ರತಿ ಬರುವವರೆಗೆ ನಾವಿಬ್ಬರೂ ಡಿಸ್ಕಿನ ಕಟ್ ಕಟ್ ಕೇಳುತ್ತಾ, ವಾರ್ಡಿನ ಹೊರಗೆ ಕೂತವರ ಹಾಗೆ ಕೂತಿದ್ದೆವು. ಬಂತು. ಒಂದೂ ಬಿಡದೆ ಬಂತು. ಅಶ್ವಿನಿ ನನ್ನ ಭುಜ ಮುಟ್ಟಿ ಎದ್ದು ಹೋಗಿ ಮುಖ ತೊಳೆದುಕೊಂಡಳು.

ಉಳಿದ ಪ್ರತಿಗಳು ಫಾಸ್ಟ್ ಲೋಕಲ್ಲಿನ ಹಾಗೆ ಹೊರಟವು. ಸ್ವಲ್ಪ ಹೊತ್ತಾದ ಮೇಲೆ ಪ್ರತಿ ಸ್ಟೇಷನ್ನಿನಲ್ಲಿ ನಿಲ್ಲತೊಡಗಿದವು. ನಾಲ್ಕು ತುರುಕುವ ಖೋಲಿಗಳ ಗುಣವೇ ಅದು ಎಂದು ಓದಿದ್ದೆನಾದ್ದರಿಂದ ಗಾಬರಿಯಾಗಲಿಲ್ಲ. ಹನ್ನೆರಡನೆಯದು ಮುಗಿಯುವ ಹೊತ್ತಿಗೆ ಮರುದಿನ ಭಾನುವಾರ ಬೆಳಗಿನ ಹತ್ತು ಗಂಟೆ. ಅಶ್ವಿನಿ ಯಾರನ್ನೋ ಕಾಣಲು ಹೊರಗೆ ಹೋಗಿದ್ದಳು. ನಾನು ತೆರೆದು ನೋಡುವ ಕೆಲಸಕ್ಕೆ ಕೂತೆ.

ಒಂದೊಂದು ಪ್ರತಿಯಿಂದಲೂ ಅದೇ ಮೊದಲ ಪಾಠವನ್ನು ತೆರೆದೆ. ಸುನಂದಾಳ ಬಲಗೈ ಬಂತು. "ಎಲ್ಲಾರೂ ಕೈ ತೊಳ್ಕೊಂಡು ಕೂತೀರಿಲ್ಲೊ?" ಎಂದು ಕೇಳಿದಳು. ಎರಡನೆಯದರಲ್ಲಿ ಕೇಳಿದಳು, ಮೂರನೆಯದರಲ್ಲಿ ಕೇಳಿದಳು. ಏಳನೆಯದರ ಹೊತ್ತಿಗೆ ನಾನು ಎದ್ದು ಹೋಗಿ ಕೈ ತೊಳೆದುಕೊಂಡು ಬಂದೆ. ಒಂಬತ್ತನೆಯದು ನಡೆಯುತ್ತಿರುವಾಗ ಬಾಗಿಲು ಬಡಿದ ಸದ್ದಾಯಿತು. ಎದುರು ಮನೆಯ ಮಾಲತಿ ವಹಿನಿ, ಕೈಯಲ್ಲಿ ಒಂದು ಬಟ್ಟಲು ಅವಲಕ್ಕಿ.

"ಭಾವೋಜಿ, ಠೀಕ್ ಆಹಾತ್ ನಾ?" ಎಂದು ಕೇಳಿದರು. ಚೆನ್ನಾಗಿದ್ದೀರಲ್ಲ ಎಂದು. ಒಂದು ಗಂಟೆಯಿಂದ ಗೋಡೆಯಾಚೆ ತೀರಿಹೋದ ಗೆಳತಿ ಕೈ ತೊಳೆದಿರಾ ಎಂದು ಕೇಳುತ್ತಲೇ ಇದ್ದರೆ ಯಾರಾದರೂ ಅವಲಕ್ಕಿ ಹಿಡಿದುಕೊಂಡು ಬಂದು ನೋಡಬೇಕಾದ್ದೇ. ನಾನು ಡ್ರೈವಿನ ಪರೀಕ್ಷೆಯನ್ನು ವಿವರಿಸಿದೆ. ಅವರು ಪೂರ್ತಿ ಕೇಳಿ, "ಮಗ, ಪಾಸ್ ಝಾಲಾ ಕಾ?" ಎಂದರು, ಹಾಗಾದರೆ ಪಾಸಾಯಿತೇ ಎಂದು. ಪಾಸಾಗುತ್ತಿದೆ ಎಂದೆ. ಹೊರಡುವಾಗ ಅವರು ಹೇಳಿದ ಮಾತಿನಿಂದ ನನ್ನ ಉಳಿದ ಭಾನುವಾರ ಬೇರೆಯಾಯಿತು. ಅವರ ಮೊಮ್ಮಗಳು ರಿದ್ಧಿ ಮರಾಠಿಯವಳಾದರೂ ಗೆಳತಿಯರ ಜೊತೆಗೆ ಈ ಪಾಠಕ್ಕೆ ಬಂದು ಕೂರುತ್ತಿದ್ದಳು. ಒಮ್ಮೆ ಅವಳು, ಅಂಕಲ್ ಹೆಸರೇನು ಎಂದು ಕೇಳಿ ಸುನಂದಾಳನ್ನು ಪೇಚಿಗೆ ಸಿಕ್ಕಿಸಿದ್ದಳಂತೆ. ಅದೂ ಇದರಲ್ಲಿ ಇರಬೇಕಲ್ಲ, ಎಂದರು ವಹಿನಿ.

ಇಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹಿಡಿದು ಮಾತಾಡುವುದಿಲ್ಲ. ಮದುವೆ, ಸೀಮಂತಗಳಲ್ಲಿ ಎಲ್ಲರೂ ಸೇರಿ ಕಾಡಿದರೆ, ಪ್ರಾಸ ಕಟ್ಟಿದ ಎರಡು ಸಾಲಿನೊಳಗೆ ಹೆಸರನ್ನು ಸೇರಿಸಿ ಹೇಳಿ ಮುಖ ಮುಚ್ಚಿಕೊಳ್ಳುತ್ತಾರೆ. ಅದಕ್ಕೆ ಒಡಪು ಹೇಳುವುದು ಅನ್ನುತ್ತಾರೆ. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಸುನಂದಾ ಬಸವರಾಜ ಎಂದು ಅಂದದ್ದು ಹೆಚ್ಚೆಂದರೆ ಹತ್ತು ಸಲ, ಹತ್ತೂ ಒಡಪಿನಲ್ಲಿ. ಗ ಕಲಿಸುವ ದಿನ ರಿದ್ಧಿ ಹಾಗೆ ಕೇಳಿದಾಗ, ಅವಳು ಆ ಪಾಠದ ನಡುವೆಯೇ, ಫೋನು ಚಾಲೂ ಇರುವಾಗಲೇ, ಅಲ್ಲೇ ಕಟ್ಟಿ ಒಂದು ಒಡಪು ಹೇಳಿದ್ದಳು. "ಭಾಂಡುಪ್ ಪ್ಯಾಟಿಗೆ ಬಂದೈತಿ ಬೆಳಗಾಂವಿ ಗೆಣಸು" ಎಂದು ಅದು ಶುರುವಾಗಿತ್ತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿ ನಕ್ಕಿದ್ದವು.

ಆ ವಿಡಿಯೋಗಳಲ್ಲಿ ಕುಕ್ಕರಿನ ಸೀಟಿ, ಬಾಗಿಲ ಗಂಟೆ, ಮಕ್ಕಳ ಜಗಳ ಇಂಥವನ್ನೆಲ್ಲ ಕತ್ತರಿಸಿ ಚೊಕ್ಕ ಮಾಡುವುದು ನನ್ನ ಪಾಲಿನ ಕೆಲಸವಾಗಿತ್ತು. ಜಾಗವೂ ಉಳಿಯುತ್ತದೆ, ನೋಡುವವರಿಗೂ ಹಿತ ಎಂದು ನಾನೇ ಹಟ ಹಿಡಿದು ವಹಿಸಿಕೊಂಡದ್ದು. ಒಡಪನ್ನೂ ಕತ್ತರಿಸಿದೆ. ಬಿಲ್ಡಿಂಗಿನ ಅಷ್ಟೂ ಮನೆಗೆ ಆ ವಿಡಿಯೋ ಹೋದರೆ ನಾಳೆ ಲಿಫ್ಟಿನಲ್ಲಿ ನನ್ನನ್ನು ಗೆಣಸು ಎಂದು ಕರೆಯುತ್ತಾರೆ ಎಂದು ನಾಚಿಕೆ. ಐವತ್ತೇಳು ವರ್ಷದ ಗಂಡಸಿಗೆ ಈ ನಾಚಿಕೆ. ಕತ್ತರಿಸಿದ್ದನ್ನು ಸುನಂದಾ ನೋಡಿದಳು. ಸಿಟ್ಟಾಗಲಿಲ್ಲ. "ಚೊಲೊ ಕತ್ತರಿಸೀರಿ. ಎಲ್ಲಿ ಅಂತ ಗೊತ್ತಾಗಂಗಿಲ್ಲ," ಅಂದಳು, ಅಷ್ಟೇ. ಮೂಲ ವಿಡಿಯೋವನ್ನು ಜಾಗ ಸಾಲದೆಂದು ಅಂದೇ ಅಳಿಸಿದ್ದೆ.

ವಹಿನಿ ಹೋದ ಮೇಲೆ ಗ ಪಾಠವನ್ನು ತೆರೆದೆ, ಬಹುಶಃ ಕತ್ತರಿಸುವುದನ್ನು ಮರೆತಿರಬಹುದು ಎಂಬ ಆಸೆಯಿಂದ. ಹನ್ನೊಂದನೆಯ ನಿಮಿಷದಲ್ಲಿ ಸ್ಕೆಚ್ ಪೆನ್ನು ಹಾಳೆಯ ಎಡಗಡೆ ಇತ್ತು, ಕಣ್ಣು ಮಿಟುಕಿಸುವುದರಲ್ಲಿ ಬಲಗಡೆ ಇತ್ತು. ಮಣಿಕಟ್ಟಿನಲ್ಲಿದ್ದ ಬಳೆಗಳು ಒಂದಿಷ್ಟು ಮೇಲೆ ಸರಿದಿದ್ದವು. ನಕ್ಕಾಗ ಅವಳು ಕೈಯೆತ್ತಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು, ಆಗ ಸರಿದದ್ದು. ಹನ್ನೆರಡೂ ಪ್ರತಿಗಳಲ್ಲಿ ನೋಡಿದೆ. ಹನ್ನೆರಡರಲ್ಲೂ ಅದೇ ಹನ್ನೊಂದನೆಯ ನಿಮಿಷ, ಅದೇ ಜಿಗಿತ, ಅದೇ ಬಳೆ. ಒಂದು ಕೂದಲಿನಷ್ಟು ವ್ಯತ್ಯಾಸವಿಲ್ಲ. ಡ್ರೈವು ಪಾಸಾಯಿತು.

ಅಳಿಸಿದ್ದನ್ನೂ ತೆಗೆದುಕೊಡುವವರು ಇರುತ್ತಾರೆ ಎಂದು ಕೇಳಿ, ಸೋಮವಾರ ಹಳೆಯ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಜಿಗ್ನೇಶನ ಬಳಿಗೆ ಒಯ್ದೆ. ಈ ಸಲ ಅವನಿಗೆ ವಿಷಯ ಹೇಳಿದೆ. ಅವನು ಡಿಸ್ಕನ್ನು ಜೋಡಿಸಿ ಬಹಳ ಹೊತ್ತು ಹುಡುಕಿದ. ಆಮೇಲೆ, "ಅಂಕಲ್, ಆ ಜಾಗದ ಮೇಲೆ ಬೇರೆ ಬರೆದುಹೋಗಿದೆ," ಎಂದ. ಏನು ಬರೆದಿದೆ ಎಂದು ಕೇಳಿದೆ. ಪರದೆಯನ್ನು ನನ್ನ ಕಡೆ ತಿರುಗಿಸಿದ. ನಾನು ಅಳಿಸಿದ ಮರುತಿಂಗಳಿನ ಪಾಠಗಳ ಹೆಸರುಗಳಿದ್ದವು. ಒಡಪು ಇದ್ದ ಜಾಗದಲ್ಲಿ ಸುನಂದಾಳೇ ಒತ್ತಕ್ಷರಗಳನ್ನು ಬರೆದುಹೋಗಿದ್ದಳು. ಜಿಗ್ನೇಶ್ ತನ್ನ ಕೆಲಸಕ್ಕೆ ಏನೂ ತೆಗೆದುಕೊಳ್ಳಲಿಲ್ಲ, ಚಹಾ ತರಿಸಿದ.

ರಿದ್ಧಿಯನ್ನೂ ಕೇಳಿದೆ. ಕಂಪೌಂಡಿನಲ್ಲಿ ಸೈಕಲ್ ನಿಲ್ಲಿಸಿ, ಒಂದು ಕಾಲು ನೆಲಕ್ಕೆ ಕೊಟ್ಟು, ಆ ಹುಡುಗಿ ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದಳು. "ಆಂಟಿ ಗೆಣಸು ಬೋಲಾ, ಫಿರ್ ಆಪ್ ಕಾ ನಾಮ್ ಬೋಲಾ, ಫಿರ್ ಸಬ್ ಹಸೇ." ಮೊದಲು ಗೆಣಸು, ಆಮೇಲೆ ನನ್ನ ಹೆಸರು, ಆಮೇಲೆ ಎಲ್ಲರ ನಗು; ನಡುವೆ ಏನಿತ್ತು ಎಂದೆ. "ಬೀಚ್ ಮೇ ಕುಛ್ ಥಾ, ಅಂಕಲ್," ಎಂದಳು.

ನಡುವೆ ಏನೋ ಇತ್ತು, ಅದು ನನಗೂ ಗೊತ್ತು. ಆಫೀಸಿನಿಂದ ಬರುವಾಗ ಲೋಕಲ್ಲಿನಲ್ಲಿ ನಿಂತುಕೊಂಡು ಪ್ರಾಸ ಹುಡುಕುತ್ತೇನೆ. ಗೆಣಸಿಗೆ ಮನಸು ಆಗುತ್ತದೆ, ಸೊಗಸು ಆಗುತ್ತದೆ; ಬಸವರಾಜರ ಮನಸು, ಚೆನ್ನಾಗಿಯೇ ಇದೆ. ಮುನಿಸೂ ಆಗುತ್ತದೆ, ಮತ್ತು ನನ್ನ ಸ್ವಭಾವ ಬಲ್ಲವರು ಅದಕ್ಕೇ ಮತ ಹಾಕುವರು. ಹೊಗಳಿದಳೋ, ಹಂಗಿಸಿದಳೋ? ಕತ್ತರಿಸುವಾಗ ಮೂರು ನಾಲ್ಕು ಸಲ ಹಿಂದೆ ಮುಂದೆ ಮಾಡಿ ಕೇಳಿದ್ದೇನೆ. ಆದರೆ ಆಗ ನನ್ನ ಗಮನವೆಲ್ಲ ಎಲ್ಲಿಂದ ಎಲ್ಲಿಗೆ ಕತ್ತರಿಸಿದರೆ ಗೊತ್ತಾಗುವುದಿಲ್ಲ ಎಂಬುದರ ಮೇಲಿತ್ತು.

ಹನ್ನೊಂದು ಪ್ರತಿಗಳನ್ನು ಅಳಿಸಿದೆ. ಉಳಿದೊಂದನ್ನು ಅಶ್ವಿನಿ ಇನ್ನೂ ಎರಡು ಕಡೆ ಜೋಪಾನ ಮಾಡಿದ್ದಾಳೆ. ಭಾನುವಾರಗಳಲ್ಲಿ ಬಂದಾಗ ಒಂದೊಂದು ಪಾಠ ಹಾಕಿಕೊಂಡು, ಸ್ಕೆಚ್ ಪೆನ್ನು ಹಿಡಿದು ತಾನೂ ತಿದ್ದುತ್ತಾಳೆ, ಈಗ ತ ವರ್ಗದವರೆಗೆ ಬಂದಿದ್ದಾಳೆ. ಡ್ರೈವಿನ ಬಗ್ಗೆ ನನ್ನ ಅಭಿಪ್ರಾಯ ಕೇಳುವವರಿಗೆ ಹೇಳುತ್ತೇನೆ: ಒಳ್ಳೆಯದಿದೆ, ಸದ್ದು ಮಾಡುವುದಿಲ್ಲ, ಕೊಟ್ಟದ್ದನ್ನು ಕೊಟ್ಟ ಹಾಗೇ ಇಟ್ಟುಕೊಳ್ಳುತ್ತದೆ, ಮೂರು ಟಿಬಿಗಿಂತ ಹೆಚ್ಚು ಜಾಗ ಖಾಲಿ ಇದೆ. ಸುನಂದಾ ಇನ್ನೂರರ ಮೇಲೆ ಪಾಠಗಳಲ್ಲಿ ಬಿಲ್ಡಿಂಗಿನ ಪ್ರತಿಯೊಂದು ಮಗುವಿನ ಹೆಸರನ್ನೂ ಕರೆದಿದ್ದಾಳೆ. ನನ್ನ ಹೆಸರು ಅದರಲ್ಲಿ ಇಲ್ಲ.